ಕೊಹಿಮಾ ವಾರ್ ಸಿಮೆಟ್ರಿ: ನಾಲ್ಕೂವರೆ ಸ್ಟಾರ್ ಕೊಟ್ಟಿದೀನಿ, ಅರ್ಧ ಯಾಕೆ ಕಟ್ ಅಂತಾನೂ ಬರ್ದಿದೀನಿ

ನಾಗಾಲ್ಯಾಂಡ್ ಕಡೆ ಹೋಗೋರು ಸಾಮಾನ್ಯವಾಗಿ ಹಾರ್ನ್‌ಬಿಲ್ ಹಬ್ಬ, ಜುಕು ಕಣಿವೆ ಅಂತ ಲಿಸ್ಟ್ ಹಿಡ್ಕೊಂಡೇ ಹೊರಡ್ತಾರೆ, ಕೊಹಿಮಾ ವಾರ್ ಸಿಮೆಟ್ರಿ, ಅಂದ್ರೆ ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ ಜಾಗ, ಆ ಲಿಸ್ಟ್‌ನ ಕೊನೇಲಿ "ಟೈಮ್ ಇದ್ರೆ ನೋಡೋಣ" ಅನ್ನೋ ಜಾಗದಲ್ಲಿರತ್ತೆ. ನಮ್ಮ ಚರ್ಚಿನ ಸಭೆಯಿಂದ ಹೋದ ಗುಂಪಿನ ಪ್ಲಾನ್‌ನಲ್ಲೂ ಹಾಗೇ ಇತ್ತು. ನನ್ನ ಕೇಳಿದ್ರೆ ಅದನ್ನ ಲಿಸ್ಟ್‌ನ ಮೇಲಕ್ಕೆ ತನ್ನಿ, ಅರ್ಧ ದಿನ ಪೂರ್ತಿ ಅದಕ್ಕೇ ಇಡಿ. ಅದ್ರಲ್ಲೂ ನೀವು ಭಾನುವಾರ ಭಾನುವಾರ ಚರ್ಚಿಗೆ ಹೋಗೋ ಪೈಕಿ ಆಗಿದ್ರೆ ಖಂಡಿತ ನೋಡ್ಲೇಬೇಕು, ಯಾಕಂದ್ರೆ ನಾವೆಲ್ಲ ಪ್ರಾರ್ಥನೇಲಿ "ದೇಶ ಕಾಯೋ ಸೈನಿಕರಿಗೋಸ್ಕರ ಸ್ತೋತ್ರ ಕರ್ತನೇ" ಅಂತ ಒಂದು ಸಾಲು ಸೇರಿಸಿ ಮುಂದಿನ ವಿಷ್ಯಕ್ಕೆ ಹೋಗಿಬಿಡ್ತೀವಿ, ಆ ಒಂದು ಸಾಲನ್ನ ಕೈಯಲ್ಲಿ ಮಾಡಿ ತೋರ್ಸೋದು ಎಷ್ಟು ಕೆಲಸದ್ದು ಅನ್ನೋದು ಇಲ್ಲಿ ಕಣ್ಣಿಗೆ ಕಾಣತ್ತೆ.

ಇದನ್ನ ನೋಡ್ಕೊಳೋದು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅನ್ನೋ ಸಂಸ್ಥೆ. 1917ರಲ್ಲಿ ಇಂಪೀರಿಯಲ್ ವಾರ್ ಗ್ರೇವ್ಸ್ ಕಮಿಷನ್ ಅಂತ ಶುರುವಾಗಿದ್ದು, ಎರಡು ಮಹಾಯುದ್ಧಗಳಲ್ಲಿ ಸತ್ತ ಸುಮಾರು 17 ಲಕ್ಷ ಜನರ ಸಮಾಧಿ ಮತ್ತು ಸ್ಮಾರಕಗಳ ಜವಾಬ್ದಾರಿ ಇವ್ರದ್ದು, ದುಡ್ಡು ಹಾಕೋದು ಆರು ದೇಶಗಳ ಸರ್ಕಾರ, ಅದ್ರಲ್ಲಿ ನಮ್ಮ ದೇಶವೂ ಒಂದು. ಅಂದ್ರೆ ನೀವು ನಾನು ಕಟ್ಟೋ ತೆರಿಗೆಯ ಚೂರು ಪಾಲು ಇಲ್ಲಿನ ಹುಲ್ಲಿಗೂ ಹೋಗತ್ತೆ, ಹಾಗಾಗಿ ರಿವ್ಯೂ ಬರ್ಯೋ ಹಕ್ಕು ನಮಗಿದೆ ಅಂತ ನಾನು ಅನ್ಕೊಂಡಿದೀನಿ. ಒಳಗೆ ಹೋಗೋಕೆ ಟಿಕೆಟ್ ಇಲ್ಲ.

ಹೋಗೋ ದಾರಿ ಬಗ್ಗೆ ಜಾಸ್ತಿ ಬರ್ಯೋಕೆ ಏನಿಲ್ಲ. ದಿಮಾಪುರದವರೆಗೆ ರೈಲೋ ವಿಮಾನವೋ, ಅಲ್ಲಿಂದ ಮೇಲಕ್ಕೆ ಗಾಡಿ, ಹೊರಗಿನವ್ರು ನಾಗಾಲ್ಯಾಂಡ್ ಒಳಗೆ ಹೋಗೋಕೆ ಬೇಕಾದ ಇನ್ನರ್ ಲೈನ್ ಪರ್ಮಿಟ್ ಮೊದಲೇ ಮಾಡಿಸ್ಕೊಳಿ. ನಮ್ಮ ಗಾಡಿಯವನು ಅರ್ಧ ದಾರೀಲಿ ರೇಟ್ ಏರಿಸಿದ, ಅದ್ರ ಕಥೆ ಬೇರೆ, ಈ ಜಾಗದ ಸ್ಟಾರ್‌ನಲ್ಲಿ ಅದನ್ನ ಕಳೀಬಾರ್ದು.

ಸಿಮೆಟ್ರಿ ಇರೋದು ಊರಿನ ಮಧ್ಯೆ, ಗ್ಯಾರಿಸನ್ ಹಿಲ್ ಅನ್ನೋ ಗುಡ್ಡದ ಇಳಿಜಾರಲ್ಲಿ. ಮೆಟ್ಟಿಲು ಮೆಟ್ಟಿಲಾಗಿ ಹೊಲ ಮಾಡ್ತಾರಲ್ಲ ಹಾಗೆ ಸಾಲು ಸಾಲು ಹಂತ, ಪ್ರತಿ ಹಂತದಲ್ಲೂ ಹುಲ್ಲು, ಹೂವಿನ ಗಿಡ, ಗಿಡಗಳ ನಡುವೆ ಗಿಡ್ಡ ಕಲ್ಲುಗಳು, ಕಲ್ಲಿನ ಮೇಲೆ ಕಂಚಿನ ಫಲಕ. ಕೆಳಗೆ ಟ್ರಾಫಿಕ್ ಹಾರ್ನ್ ಹೊಡೀತಾನೇ ಇರತ್ತೆ, ಗುಡ್ಡದ ಸುತ್ತ ಮನೆ ಮೇಲೆ ಮನೆ. ಇಲ್ಲಿ 1,420 ಸೈನಿಕರ ಸಮಾಧಿ ಇದೆ, ಎಲ್ಲ ಎರಡನೇ ಮಹಾಯುದ್ಧದವು. 1944ರ ಏಪ್ರಿಲ್ ಮೊದಲ ವಾರ ಜಪಾನಿನ 31ನೇ ಡಿವಿಷನ್ ಬರ್ಮಾ ಕಡೆಯಿಂದ ಬಂದು ಊರನ್ನ ಮುತ್ತಿಗೆ ಹಾಕ್ತು, ಗುಡ್ಡದ ಮೇಲೆ ಸಿಕ್ಕಾಕೊಂಡ ಚಿಕ್ಕ ಪಡೆ, ಅದ್ರಲ್ಲಿ ಅಸ್ಸಾಂ ರೆಜಿಮೆಂಟಿನವ್ರು, ರಜಪೂತರು, ಇಂಗ್ಲೆಂಡಿನ ಕೆಂಟ್ ಕಡೆಯ ಹುಡುಗ್ರು ಎಲ್ಲ ಇದ್ರು, ನೀರಿಗೂ ಪರದಾಡ್ಕೊಂಡು ಎರಡು ವಾರದ ಹತ್ರ ತಡೆದು ನಿಂತ್ರು. ಆಮೇಲೆ ಸಹಾಯ ಬಂತು, ಯುದ್ಧ ಪೂರ್ತಿ ಮುಗಿದಿದ್ದು ಜೂನ್ 22ಕ್ಕೆ. ಡೆಪ್ಯುಟಿ ಕಮಿಷನರ್ ಬಂಗಲೆಯ ಟೆನಿಸ್ ಕೋರ್ಟ್‌ನ ಈ ಕಡೆ ಒಬ್ರು ಆ ಕಡೆ ಒಬ್ರು ಕೂತ್ಕೊಂಡು ಗ್ರೆನೇಡ್ ಎಸೀತಿದ್ರಂತೆ. ಆ ಕೋರ್ಟ್‌ನ ಗೆರೆಗಳನ್ನ ಇವತ್ತಿಗೂ ಬಿಳಿ ಗುರುತು ಮಾಡಿ ಉಳಿಸ್ಕೊಂಡಿದಾರೆ, ಹೋಗಿ ಅದ್ರ ಒಂದು ತುದೀಲಿ ನಿಂತ್ಕೊಂಡು ಇನ್ನೊಂದು ತುದಿ ನೋಡಿ, ಎಷ್ಟು ಹತ್ರ ಅಂದ್ರೆ ಎದುರಿನವನ ಕೆಮ್ಮು ಕೇಳ್ಸತ್ತೆ.

ಈಗ ನಾನು ಐದಕ್ಕೆ ಐದು ಕೊಡೋ ವಿಷ್ಯಕ್ಕೆ ಬರ್ತೀನಿ, ಅದು ಮೇಂಟೆನೆನ್ಸ್. ನಾವು ಹೋದಾಗ ಒಬ್ಬ ಮಾಲಿ ಮೇಲಿನ ಹಂತದಲ್ಲಿ ಮಂಡಿ ಊರಿ ಕೂತಿದ್ದ, ಕೈಯಲ್ಲಿ ದೊಡ್ಡ ಕತ್ತರಿ, ಕಲ್ಲಿನ ಬುಡದ ಸುತ್ತ ಹುಲ್ಲನ್ನ ಅಂಚು ಹಿಡಿದು ಕತ್ತರಿಸ್ತಿದ್ದ, ಮೆಷಿನ್ ಹೋಗದ ಜಾಗ ಅದು. ಒಂದು ಕಲ್ಲು ಮುಗಿದ್ಮೇಲೆ ಕಂಚಿನ ಫಲಕದ ಅಂಚಲ್ಲಿ ಕೂತಿದ್ದ ಪಾಚಿಯನ್ನ ಬ್ರಷ್‌ನಿಂದ ಉಜ್ಜಿ, ಅಕ್ಷರದ ಸಂದಿಯಲ್ಲಿ ಬೆರಳಾಡಿಸಿ, ಊದಿ, ಪಕ್ಕದ ಕಲ್ಲಿಗೆ ಮಂಡಿ ಮೇಲೇ ಸರ್ಕೊಂಡ. ನಾನು ಪಕ್ಕ ನಿಂತಿದ್ರೂ ತಲೆ ಎತ್ತಲಿಲ್ಲ. ಆ ಕಲ್ಲಲ್ಲಿದ್ದವನ ಮನೆಯವ್ರು ಯಾರೂ ಅವತ್ತು ಬಂದಿರ್ಲಿಲ್ಲ, ಬಹುಶಃ ಇನ್ಮೇಲೆ ಬರೋದೂ ಇಲ್ಲ, ಅಪ್ಪ ಅಮ್ಮ ಯಾವಾಗಲೋ ತೀರ್ಕೊಂಡಿರ್ತಾರೆ. ಯಾರೂ ನೋಡದಿದ್ರೂ ಅಂಚು ನೇರ ಇರ್ಬೇಕು ಅನ್ನೋ ಈ ಹಟ ಇದೆಯಲ್ಲ, ಗುಟ್ಟಾಗಿ ಮಾಡು, ಬೀದಿ ಮೂಲೇಲಿ ನಿಂತು ಮಾಡ್ಬೇಡ ಅಂತ ಯೇಸು ಬೆಟ್ಟದ ಮೇಲೆ ಹೇಳಿದ್ದು ಇದನ್ನೇ ಅನ್ನಿಸ್ತು ನಂಗೆ. ಆತ್ಮದ ಫಲ ಅಂತ ಪೌಲ ಬರೆದ ಪಟ್ಟೀಲಿ ತಾಳ್ಮೆ, ನಂಬಿಗಸ್ತಿಕೆ ಅಂತೆಲ್ಲ ಬರತ್ತಲ್ಲ, ಸಂಡೇ ಸ್ಕೂಲಲ್ಲಿ ಹಣ್ಣಿನ ಚಿತ್ರ ಬರ್ದು ಕಲ್ಸ್ತಾರೆ, ಆ ಮಕ್ಕಳನ್ನ ಇಲ್ಲಿಗೆ ಕರ್ಕೊಂಡು ಬಂದು ಈ ಕತ್ತರಿ ಒಂದು ಸಲ ತೋರ್ಸಿದ್ರೆ ಸಾಕು.

ಇನ್ನೊಂದು, ಫಲಕಗಳು ನೆಲಕ್ಕೆ ಎಷ್ಟು ಹತ್ರ ಇವೆ ಅಂದ್ರೆ ಬಗ್ಗದೆ ಓದಕ್ಕಾಗಲ್ಲ. ಜಂಬದಲ್ಲಿ ಎದೆ ಉಬ್ಬಿಸ್ಕೊಂಡು ನಡೆದ್ರೆ ಒಂದು ಹೆಸರೂ ಸಿಗಲ್ಲ ನಿಮಗೆ.

ಎಲ್ಲ ಕಲ್ಲೂ ಒಂದೇ ಅಳತೆ ಅನ್ನೋದನ್ನ ಗಮನಿಸಿ. ಇದ್ರ ಹಿಂದೆ ದೊಡ್ಡ ಜಗಳ ಇದೆ, ನಾನು ಹೋಗಿ ಬಂದ್ಮೇಲೆ ಓದಿ ತಿಳ್ಕೊಂಡಿದ್ದು. ಮೊದಲನೇ ಯುದ್ಧದಲ್ಲಿ, 1915ರಲ್ಲಿ, ಬ್ರಿಟನ್ನಿನ ಹಳೇ ಪ್ರಧಾನಿ ಗ್ಲಾಡ್‌ಸ್ಟನ್‌ರ ಮೊಮ್ಮಗ ಫ್ರಾನ್ಸಿನಲ್ಲಿ ಸತ್ತಾಗ ಮನೆಯವ್ರು ಪ್ರಭಾವ ಬಳಸಿ ದೇಹವನ್ನ ತೆಗೆಸಿ ಊರಿಗೆ ತಂದು ಮಣ್ಣು ಮಾಡಿದ್ರು. ಸಾವಿರಾರು ಬಡವರ ಮಕ್ಕಳು ಅಲ್ಲೇ ಮಣ್ಣಾಗಿರೋವಾಗ ದೊಡ್ಡೋರ ಮಗನಿಗೆ ಮಾತ್ರ ಈ ಸೌಲಭ್ಯ ಯಾಕೆ ಅಂತ ಫೇಬಿಯನ್ ವೇರ್ ಅನ್ನೋ ಮನುಷ್ಯನಿಗೆ ಕೆರಳ್ತು, ಅವ್ರೇ ಮುಂದೆ ಈ ಸಂಸ್ಥೆ ಕಟ್ಟಿದ್ದು. ಇನ್ಮೇಲೆ ಯಾರ ದೇಹವನ್ನೂ ಊರಿಗೆ ಸಾಗಿಸೋ ಹಾಗಿಲ್ಲ, ಜನರಲ್ ಆದ್ರೂ ಸರಿ ಸಿಪಾಯಿ ಆದ್ರೂ ಸರಿ ಒಂದೇ ಥರ ಕಲ್ಲು ಅಂತ ನಿಯಮ ಬಂತು. 1918ರಲ್ಲಿ ಫ್ರೆಡರಿಕ್ ಕೆನ್ಯನ್ ಅಂತ ಬ್ರಿಟಿಷ್ ಮ್ಯೂಸಿಯಂ ನಿರ್ದೇಶಕರು ವರದಿ ಬರೆದು ಅದನ್ನ ಗಟ್ಟಿ ಮಾಡಿದ್ರು.

ಆಗ ತಾಯಂದಿರು ಎದ್ದು ನಿಂತ್ರು. ನಮ್ಮ ಮಗ ಕ್ರಿಸ್ತನ ಹೆಸರಲ್ಲಿ ಸತ್ತಿದಾನೆ, ಅವನ ತಲೆ ಹತ್ರ ಶಿಲುಬೆ ಆಕಾರದ ಕಲ್ಲೇ ಬೇಕು, ನಿಮ್ಮ ಚೌಕದ ಕಲ್ಲು ಬೇಡ ಅಂತ. ಮೂರು ಗಂಡು ಮಕ್ಕಳನ್ನ ಯುದ್ಧದಲ್ಲಿ ಕಳ್ಕೊಂಡ ಲೇಡಿ ಫ್ಲಾರೆನ್ಸ್ ಸೆಸಿಲ್ ಅನ್ನೋರು ಎಂಟು ಸಾವಿರಕ್ಕೂ ಹೆಚ್ಚು ಸಹಿ ಇದ್ದ ಮನವಿಯನ್ನ ಪ್ರಿನ್ಸ್ ಆಫ್ ವೇಲ್ಸ್‌ಗೆ ಕೊಟ್ರು. 1920ರಲ್ಲಿ ಪಾರ್ಲಿಮೆಂಟಲ್ಲಿ ಚರ್ಚೆ ಆಗಿ ಕೊನೆಗೆ ಒಂದೇ ಥರದ ಕಲ್ಲೇ ಉಳೀತು, ಶಿಲುಬೆ ಬೇಕಾದವ್ರಿಗೆ ಕಲ್ಲಿನ ಮೇಲೆ ಕೆತ್ತಿ ಕೊಟ್ರು. ನಾನಾಗಿದ್ರೆ ಆ ತಾಯಿ ಕಡೆ ಸಹಿ ಹಾಕ್ತಿದ್ದೆನೋ ಏನೋ, ಮೂರು ಮಕ್ಕಳನ್ನ ಕೊಟ್ಟ ಮೇಲೆ ಒಂದು ಶಿಲುಬೆ ಕೇಳೋದು ತಪ್ಪಾ ಹೇಳಿ. ಆದ್ರೂ ಕೊಹಿಮಾದ ಆ ಹಂತಗಳ ಮಧ್ಯೆ ನಿಂತು ನೋಡಿದ್ರೆ ತೀರ್ಮಾನ ಸರಿ ಇತ್ತು ಅನ್ಸತ್ತೆ, ಯಾಕಂದ್ರೆ ಇಲ್ಲಿ ಒಬ್ಬನ ಕಲ್ಲಲ್ಲಿ ಶಿಲುಬೆ, ಅದೇ ಗುಡ್ಡದಲ್ಲಿ ಇನ್ನೊಬ್ಬನ ಕಲ್ಲಲ್ಲಿ ಅರೇಬಿಕ್ ಅಕ್ಷರ, ಎತ್ತರ ಮಾತ್ರ ಒಂದೇ. ಊಟದ ಮನೇಲಿ ಮೇಲಿನ ಜಾಗ ಹುಡುಕ್ಕೊಂಡು ಹೋಗಿ ಕೂರ್ಬೇಡಿ ಅಂತ ಯೇಸು ಹೇಳಿದ್ದನ್ನ ನಮ್ಮ ಚರ್ಚ್‌ಗಳೇ ಪಾಲಿಸಲ್ಲ, ಮೊದಲನೇ ಬೆಂಚಲ್ಲಿ ಯಾರ್ ಕೂರ್ಬೇಕು ಅಂತ ಜಗಳ ಆಗತ್ತೆ, ಸಮಾಧಿ ಜಾಗದಲ್ಲೂ ಯಾವ ಕುಟುಂಬದ್ದು ಮಾರ್ಬಲ್, ಯಾರದ್ದು ಬರೀ ಮಣ್ಣು ಅಂತ ಗೊತ್ತಾಗಿಬಿಡತ್ತೆ. ಸರ್ಕಾರಿ ಸಂಸ್ಥೆ ಒಂದು ಇದನ್ನ ನಮಗಿಂತ ನೆಟ್ಟಗೆ ಮಾಡಿದೆ.

ಫಲಕದ ಕೆಳಗಿನ ಭಾಗದಲ್ಲಿ ಮನೆಯವ್ರು ಆರಿಸಿದ ಸಾಲು ಇರತ್ತೆ, ಎಲ್ಲದ್ರಲ್ಲೂ ಇಲ್ಲ. ಮೊದಲನೇ ಯುದ್ಧದ ಕಲ್ಲುಗಳಿಗೆ 66 ಅಕ್ಷರದ ಮಿತಿ ಇಟ್ಟಿದ್ರಂತೆ, ಅಕ್ಷರಕ್ಕೆ ಮೂರೂವರೆ ಪೆನ್ನಿ ಅಂತ ದುಡ್ಡೂ ಕೇಳಿದ್ರು, ಆಮೇಲೆ ಕೊಡೋದು ಬಿಡೋದು ನಿಮ್ಮಿಷ್ಟ ಅಂತ ಮಾಡಿದ್ರು. ನ್ಯೂಜಿಲೆಂಡ್ ಸರ್ಕಾರವಂತೂ ದುಡ್ಡಿದ್ದೋರಿಗೊಂದು ಇಲ್ಲದೋರಿಗೊಂದು ಬೇಡ ಅಂತ ಸಾಲೇ ಬೇಡ ಅಂದುಬಿಡ್ತು. ಕೊಹಿಮಾದಲ್ಲಿ ಓದ್ತಾ ಹೋದ್ರೆ ಕೆಲವು ವಾಕ್ಯಗಳು ಬೈಬಲ್‌ನವು, ಸ್ನೇಹಿತರಿಗೋಸ್ಕರ ಪ್ರಾಣ ಕೊಡೋದಕ್ಕಿಂತ ದೊಡ್ಡ ಪ್ರೀತಿ ಇಲ್ಲ ಅನ್ನೋ ಯೋಹಾನನ ಸುವಾರ್ತೆಯ ಧಾಟಿಯವು, ಇನ್ನು ಕೆಲವು ಬರೀ ಮನೆ ಮಾತು, ಅಮ್ಮ ಅಪ್ಪ ನಿನ್ನ ಮರೆತಿಲ್ಲ ಅನ್ನೋ ಥರದ್ದು. ನಂಗೆ ಎರಡನೇ ಥರದ್ದೇ ಹೆಚ್ಚು ತಾಗಿದ್ದು. ವಯಸ್ಸು ನೋಡ್ತಾ ಹೋಗಿ, ಇಪ್ಪತ್ತು, ಇಪ್ಪತ್ತೊಂದು, ನಮ್ಮ ಯೂತ್ ಫೆಲೋಶಿಪ್ ಹುಡುಗ್ರ ವಯಸ್ಸು.

ಈಗ ಸ್ವಲ್ಪ ಕಷ್ಟದ ವಿಷ್ಯ. ಟೆನಿಸ್ ಕೋರ್ಟ್ ಹತ್ರ ಎತ್ತರದ ಕಲ್ಲಿನ ಶಿಲುಬೆ ಇದೆ, ಕ್ರಾಸ್ ಆಫ್ ಸ್ಯಾಕ್ರಿಫೈಸ್ ಅಂತಾರೆ, ರೆಜಿನಾಲ್ಡ್ ಬ್ಲಾಮ್‌ಫೀಲ್ಡ್ ಅನ್ನೋ ವಾಸ್ತುಶಿಲ್ಪಿಯ ಡಿಸೈನ್, ಈ ಸಂಸ್ಥೆಯ ಎಷ್ಟೋ ಸಿಮೆಟ್ರಿಗಳಲ್ಲಿ ಅದೇ ನಮೂನೆ. ಶಿಲುಬೆಯ ಮೇಲೆ ಕಂಚಿನ ಕತ್ತಿ ಕೂರ್ಸಿದಾರೆ, ಮೊನೆ ಕೆಳಗೆ. ನಮ್ಮ ಜೊತೆ ಬಂದಿದ್ದ ಒಬ್ಬ ಹುಡುಗ ತಕ್ಷಣ ಕೇಳ್ದ, "ಅಣ್ಣಾ, ಕತ್ತಿ ಒರೆಗೆ ಹಾಕು ಅಂತ ಪೇತ್ರನಿಗೆ ಯೇಸುವೇ ಹೇಳಿದ್ದಲ್ವಾ, ಆಮೇಲೆ ಶಿಲುಬೆ ಮೇಲೆ ಕತ್ತಿ ಯಾಕೆ?" ಪಾಸ್ಟರ್ ಏನೋ ಹೇಳೋಕೆ ಹೋದ್ರು, ಸರಿಯಾಗಿ ಬರ್ಲಿಲ್ಲ, ನಂಗೂ ಉತ್ತರ ಬರ್ಲಿಲ್ಲ. ಇಲ್ಲಿ ಮಲಗಿರೋರಲ್ಲಿ ಇಬ್ರಿಗೆ ಬ್ರಿಟನ್ನಿನ ಅತಿ ದೊಡ್ಡ ಶೌರ್ಯ ಪದಕ ವಿಕ್ಟೋರಿಯಾ ಕ್ರಾಸ್ ಸಿಕ್ಕಿದೆ, ಲ್ಯಾನ್ಸ್ ಕಾರ್ಪೊರಲ್ ಜಾನ್ ಹಾರ್ಮನ್ ಮತ್ತು ಕ್ಯಾಪ್ಟನ್ ಜಾನ್ ರ‍್ಯಾಂಡಲ್. ರ‍್ಯಾಂಡಲ್ ಆಗ್ಲೇ ಗಾಯ ಆಗಿದ್ರೂ ಮುಂದೆ ನುಗ್ಗಿ, ತನ್ನ ಹುಡುಗ್ರನ್ನ ಹೊಡೀತಿದ್ದ ಮೆಷಿನ್ ಗನ್ ಬಂಕರ್ ಒಳಗೆ ಗ್ರೆನೇಡ್ ಹಾಕಿ, ಆ ಕಿಂಡಿಗೆ ತನ್ನ ಮೈಯನ್ನೇ ಅಡ್ಡ ಹಾಕಿ ಸತ್ತ. ಅವನ ಹಿಂದಿದ್ದೋರು ಬದುಕಿದ್ರು. ಬಂಕರ್ ಒಳಗಿದ್ದೋರು ಸತ್ರು. ಒಂದೇ ಕೆಲಸದಲ್ಲಿ ಪ್ರಾಣ ಕೊಟ್ಟಿದ್ದೂ ಇದೆ, ಪ್ರಾಣ ತೆಗೆದಿದ್ದೂ ಇದೆ. ಸೈನಿಕನ ತ್ಯಾಗವನ್ನ ನೇರ ಕ್ರಿಸ್ತನ ತ್ಯಾಗದ ಪಕ್ಕ ಇಟ್ಟು ಹೋಲ್ಸೋ ಪ್ರಸಂಗಗಳು ನಂಗೆ ಇಷ್ಟ ಆಗಲ್ಲ ಅಂದ್ರೆ ಇದಕ್ಕೇ, ಕೃತಜ್ಞತೆ ಇರ್ಲಿ, ಪೂರ್ತಿ ಇರ್ಲಿ, ಆದ್ರೆ ಅವ್ರನ್ನ ಸಂತರ ಥರ ಮಾಡಿ ಗೋಡೆಗೆ ಏರಿಸ್ಬೇಡಿ. ಅವ್ರು ಹೆದ್ರಿದ್ರು, ಬೈಕೊಂಡಿರ್ತಾರೆ, ಮನೆ ನೆನೆಸ್ಕೊಂಡಿರ್ತಾರೆ, ಆದ್ರೂ ಜಾಗ ಬಿಡ್ಲಿಲ್ಲ. ಅದಕ್ಕೇ ಋಣ ಇರೋದು.

ಗುಡ್ಡದ ಮೇಲೆ ಕ್ರಿಮೇಷನ್ ಮೆಮೋರಿಯಲ್ ಅಂತ ಇದೆ, ದಯವಿಟ್ಟು ಅಲ್ಲಿವರೆಗೆ ಹತ್ತಿ. ತುಂಬಾ ಜನ ಕೆಳಗಿನ ಫೇಮಸ್ ಕಲ್ಲು ನೋಡಿ, "ಊರಿಗೆ ಹೋದಾಗ ನಮ್ಮ ಬಗ್ಗೆ ಹೇಳಿ, ನಿಮ್ಮ ನಾಳೆಗೋಸ್ಕರ ನಮ್ಮ ಇವತ್ತನ್ನ ಕೊಟ್ವಿ" ಅನ್ನೋ ಅರ್ಥದ ಸಾಲು ಅದ್ರಲ್ಲಿದೆ, ಸಹಾಯಕ್ಕೆ ಬಂದ ಬ್ರಿಟಿಷ್ ಸೇನೆಯ 2ನೇ ಡಿವಿಷನ್ನಿನ ಸ್ಮಾರಕ ಅದು, ಅದ್ರ ಫೋಟೋ ಹೊಡ್ಕೊಂಡು ವಾಪಸ್ ಹೋಗಿಬಿಡ್ತಾರೆ. ಮೇಲಿರೋದು 917 ಹಿಂದೂ ಮತ್ತು ಸಿಖ್ ಸೈನಿಕರ ಹೆಸರು, ಅವ್ರವ್ರ ಧರ್ಮದ ಪ್ರಕಾರ ದಹನ ಮಾಡಿದ್ರಿಂದ ಸಮಾಧಿ ಇಲ್ಲ, ಹೆಸರು ಮಾತ್ರ. ನಮ್ಮ ಗುಂಪಿನ ಪ್ರಾರ್ಥನೆ ಅಲ್ಲೇ ಮಾಡೋಣ ಅಂತ ಆಂಟಿ ಒಬ್ರು ಹೇಳಿದ್ದು ನಂಗೆ ತುಂಬಾ ಹಿಡಿಸ್ತು. ನಮ್ಮೋರಿಗೆ ಮಾತ್ರ ಕೃತಜ್ಞತೆ ಅಂದ್ರೆ ಅದು ಕೃತಜ್ಞತೆ ಹೇಗಾಗತ್ತೆ, ಹತ್ತು ಜನ ಕುಷ್ಠರೋಗಿಗಳಲ್ಲಿ ತಿರುಗಿ ಬಂದು ಕಾಲಿಗೆ ಬಿದ್ದವನು ಸಮಾರ್ಯದವನು ಅಲ್ವಾ, ಹೊರಗಿನವನು.

ನಮ್ಮ ದೇಶದವ್ರಿಗೆ ಇನ್ನೊಂದು ಗಂಟೂ ಇದೆ. ಜಪಾನಿನ ಜೊತೆ ಬಂದ ಸುಭಾಷರ ಆಜಾದ್ ಹಿಂದ್ ಫೌಜಿನಲ್ಲೂ ನಮ್ಮವ್ರೇ ಇದ್ರು, 1944ರ ಏಪ್ರಿಲ್‌ನಲ್ಲೇ ಮಣಿಪುರದ ಮೊಯ್‌ರಾಂಗ್‌ನಲ್ಲಿ ಬಾವುಟ ಹಾರಿಸಿದ್ರು. ಆ ಕಡೆ ಸತ್ತ ನಮ್ಮ ಹುಡುಗ್ರ ಹೆಸರು ಈ ಸಿಮೆಟ್ರೀಲಿಲ್ಲ. ಜಪಾನಿನವ್ರು ಆ ಕಾರ್ಯಾಚರಣೇಲಿ ಸಾವಿರ ಸಾವಿರ ಲೆಕ್ಕದಲ್ಲಿ ಸತ್ರು, ಗುಂಡಿಗಿಂತ ಹಸಿವು ಕಾಯಿಲೆಗೇ ಎಷ್ಟೋ ಜನ, ಊಟ ಇಲ್ಲದೆ ತನ್ನ ಸೈನಿಕರು ಸಾಯೋದನ್ನ ನೋಡಕ್ಕಾಗದೆ ಜನರಲ್ ಸಾಟೋ ಮೇಲಿನ ಆಜ್ಞೆ ಮೀರಿ ಹಿಂದೆ ಸರಿದ. ಊರಿನ ಇನ್ನೊಂದು ಕಡೆ ಅರದುರ ಗುಡ್ಡದಲ್ಲಿ ಕ್ಯಾಥೊಲಿಕ್ ಕೆಥೆಡ್ರಲ್ ಇದೆ, ಅದನ್ನ ಕಟ್ಟೋಕೆ ಇಲ್ಲಿ ಸತ್ತ ಜಪಾನೀ ಸೈನಿಕರ ಕಡೆಯವ್ರೂ ದುಡ್ಡು ಕೊಟ್ಟಿದಾರೆ. ಸಿಮೆಟ್ರಿ ಆದ್ಮೇಲೆ ನೇರ ಅಲ್ಲಿಗೆ ಹೋಗಿ, ಎರಡನ್ನೂ ಒಂದೇ ದಿನ ನೋಡ್ಬೇಕು. ವೈರಿಯನ್ನ ಪ್ರೀತಿಸು ಅನ್ನೋದನ್ನ ನಾವು ಪಕ್ಕದ ಮನೆಯವ್ರ ಜೊತೆ ಪಾರ್ಕಿಂಗ್ ಜಗಳದಲ್ಲೇ ಮಾಡಲ್ಲ, ಇಲ್ಲಿ ಒಂದು ಊರು ಎರಡೂ ಕಡೆಯ ಸತ್ತೋರಿಗೆ ಜಾಗ ಮಾಡ್ಕೊಟ್ಟಿದೆ.

ಅರ್ಧ ಸ್ಟಾರ್ ಯಾಕೆ ಕಟ್ ಅಂದ್ರೆ, ಇದು ಕೊಹಿಮಾದ ತಪ್ಪಲ್ಲ, ಸಂಸ್ಥೆಯ ಹಳೇ ಲೆಕ್ಕ. 2021ರ ಏಪ್ರಿಲ್‌ನಲ್ಲಿ ಅವ್ರೇ ಒಂದು ವರದಿ ಹೊರಗೆ ಬಿಟ್ರು, ಮೊದಲನೇ ಯುದ್ಧದ ಸತ್ತೋರ ಬಗ್ಗೆ. ಎಲ್ರೂ ಸಮಾನ ಅಂತ ಹೇಳ್ಕೊಂಡು ಬಂದ ಸಂಸ್ಥೆ, ಭಾರತ, ಪೂರ್ವ ಮತ್ತು ಪಶ್ಚಿಮ ಆಫ್ರಿಕಾ, ಈಜಿಪ್ಟ್, ಸೊಮಾಲಿಯಾ ಕಡೆಯ 45,000ದಿಂದ 54,000 ಜನರನ್ನ ಬೇರೆಯವ್ರಿಗೆ ಸಮನಾಗಿ ಸ್ಮರಿಸಿಲ್ಲ, ಕೆಲವ್ರ ಹೆಸರು ಬರೀ ರಿಜಿಸ್ಟರ್‌ನಲ್ಲಿ, ಕೆಲವ್ರದ್ದು ಒಟ್ಟಿಗೆ ಸಂಖ್ಯೆ ಮಾತ್ರ. ಇನ್ನೂ ಕನಿಷ್ಠ 1,16,000 ಜನ, 3,50,000ದವರೆಗೂ ಇರ್ಬಹುದು, ಹೆಸರಿಂದ ಸ್ಮರಣೆನೇ ಆಗಿಲ್ಲ ಅಥವಾ ಏನೂ ಇಲ್ಲ. ಈ ಜನಕ್ಕೆಲ್ಲ ಕಲ್ಲು ಗಿಲ್ಲು ಅರ್ಥ ಆಗಲ್ಲ ಅನ್ನೋ ಧಾಟೀಲಿ ಆಗಿನ ವಸಾಹತು ಅಧಿಕಾರಿಗಳು ಮಾತಾಡಿದ್ದೂ ದಾಖಲೇಲಿದೆ. ಓದ್ತಾ ಹೊಟ್ಟೆ ಉರೀತು ಕಣ್ರೀ. ಹೊರೆ ಹೊತ್ತೋರು, ಹೇಸರಗತ್ತೆ ಓಡಿಸಿದೋರು, ಎಲ್ಲ ಸತ್ತಾಗ ನೂರೋ ಇನ್ನೂರೋ ಅಂತ ಲೆಕ್ಕ.

ಆದ್ರೆ ಅರ್ಧ ಮಾತ್ರ ಕಳೆದಿದೀನಿ, ಪೂರ್ತಿ ಒಂದು ಕಳೀಲಿಲ್ಲ. ಯಾಕಂದ್ರೆ ಯಾರೂ ಕೋರ್ಟಿಗೆ ಎಳೀದೆ ತಾವೇ ಸಮಿತಿ ಮಾಡಿ, ತಾವೇ ಬರೆದು, ಕ್ಷಮೆ ಕೇಳಿ, ಹೆಸರು ಹುಡುಕೋ ಕೆಲಸ ಶುರು ಮಾಡಿದಾರೆ. ಪಾಪ ಒಪ್ಪಿಕೊಳ್ಳೋದು, ಆಮೇಲೆ ಸರಿ ಮಾಡೋದು, ಬೈಬಲ್‌ನಲ್ಲಿ ತೆರಿಗೆ ವಸೂಲಿ ಮಾಡ್ತಿದ್ದ ಜಕ್ಕಾಯ ಅಂಜೂರದ ಮರದಿಂದ ಇಳಿದು ಬಂದು ನಾಲ್ಕರಷ್ಟು ವಾಪಸ್ ಕೊಡ್ತೀನಿ ಅಂದಿದ್ದು ಆ ಕ್ರಮದಲ್ಲೇ. ನಾಲ್ಕರಷ್ಟು ಕೊಡ್ತಾರಾ ನೋಡೋಣ, ಅಲ್ಲಿವರೆಗೆ ಆ ಅರ್ಧ ನನ್ನ ಹತ್ರನೇ ಇರತ್ತೆ. ಹಾಂ, ಇದೇ ಯುದ್ಧದಲ್ಲಿ ಗಾಯಾಳುಗಳನ್ನ ಹೊತ್ತು, ದಾರಿ ತೋರ್ಸಿ, ಗುಂಡಿಗೆ ಸಿಕ್ಕ ನಾಗಾ ಹಳ್ಳಿಯವ್ರಿಗೂ ಈ ಸಾಲುಗಳಲ್ಲಿ ಜಾಗ ಇಲ್ಲ, ಸಂಸ್ಥೆಯ ಕೆಲಸ ಸೈನಿಕರಿಗೆ ಸಂಬಂಧಪಟ್ಟಿದ್ದು ಅಂತ ನಿಯಮ ಇರ್ಬಹುದು, ನೋಡೋರ ಮನಸ್ಸಿಗೆ ಆ ನಿಯಮ ಸಮಾಧಾನ ಕೊಡಲ್ಲ.

ಆ ಋಣವನ್ನ ಬೇರೆ ಥರ ತೀರ್ಸೋಕೆ ಹೊರಟವ್ರೂ ಇದಾರೆ. ಇಲ್ಲಿ ಹೋರಾಡಿ ಬದುಕಿ ಉಳಿದ 2ನೇ ಡಿವಿಷನ್ನಿನ ಮುದುಕರು, 2004ರಲ್ಲಿ, ಯುದ್ಧ ಆಗಿ ಅರವತ್ತು ವರ್ಷಕ್ಕೆ, ಕೊಹಿಮಾ ಎಜುಕೇಷನಲ್ ಟ್ರಸ್ಟ್ ಅಂತ ಮಾಡಿ ನಾಗಾ ಮಕ್ಕಳ ಓದಿಗೆ ಸ್ಕಾಲರ್‌ಶಿಪ್ ಕೊಡೋಕೆ ಶುರು ಮಾಡಿದ್ರು. ನಮ್ಮನ್ನ ಆವತ್ತು ಹೊತ್ತು ಕಾಪಾಡಿದೋರ ಮೊಮ್ಮಕ್ಕಳು ಓದ್ಲಿ ಅಂತ. ಎಂಬತ್ತು ವರ್ಷದ ಹತ್ರದವ್ರು ಕೂತು ಟ್ರಸ್ಟ್ ಡೀಡ್ ಬರ್ಸಿ, ಚಂದಾ ಎತ್ತಿ, ಇದನ್ನ ಮಾಡಿದಾರೆ. ನನ್ನ ಪ್ರಕಾರ ಆ ಗುಡ್ಡದ ಮೇಲಿನ ಎಲ್ಲ ಕಲ್ಲಿಗಿಂತ ದೊಡ್ಡ ಸ್ಮಾರಕ ಇದು, ಕಣ್ಣಿಗೆ ಕಾಣಲ್ಲ ಅಷ್ಟೇ.

ನಾವು ಏನ್ ಮಾಡ್ತಿದೀವಿ ಅಂತ ಕೇಳ್ಕೊಂಡ್ರೆ ಸ್ವಲ್ಪ ಮುಜುಗರ. ಮೇಲೆ ಹೇಳಿದ ಆಂಟಿಯ ಯಜಮಾನ್ರು ಸುಬೇದಾರ್ ಆಗಿ ರಿಟೈರ್ ಆದೋರು, ವಾಪಸ್ ಇಳೀತಾ ಮೆಟ್ಟಿಲ ಮೇಲೆ ಕೂತ್ಕೊಂಡು ಆಂಟಿ ಹೇಳಿದ್ದನ್ನ ಹಾಗೇ ಬರೀತೀನಿ: "ಸತ್ತೋರಿಗೆ ಹೂ ಇಡೋಕೆ ಎಲ್ರೂ ಬರ್ತಾರಪ್ಪ. ನಮ್ಮವ್ರು ಬಾರ್ಡರ್‌ನಲ್ಲಿದ್ದಾಗ ಮಗುಗೆ ರಾತ್ರಿ ಜ್ವರ ಬಂದ್ರೆ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಸಭೆಯಿಂದ ಯಾರ್ ಬಂದ್ರು ಹೇಳು. ಆಗಸ್ಟ್ ಹದಿನೈದಕ್ಕೆ ಮಾತ್ರ ಶಾಲು ಹೊದಿಸ್ತಾರೆ, ಒಂದು ಕಬೋರ್ಡ್ ತುಂಬ ಶಾಲಿದೆ ನಮ್ಮನೇಲಿ." ಯಾರೂ ಏನೂ ಮಾತಾಡ್ಲಿಲ್ಲ. ಆಮೇಲೆ ಆಂಟಿನೇ ನಕ್ಕು "ಒಂದು ಶಾಲು ನಿಂಗೂ ಕೊಡ್ತೀನಿ ಬಿಡು, ಇಲ್ಲಿ ಚಳಿ ಇದೆ" ಅಂದ್ರು.

ಅನಾಥರನ್ನ ವಿಧವೆಯರನ್ನ ಅವ್ರ ಕಷ್ಟದಲ್ಲಿ ಹೋಗಿ ನೋಡೋದೇ ಶುದ್ಧ ಭಕ್ತಿ ಅಂತ ಯಾಕೋಬನ ಪತ್ರಿಕೇಲಿ ಕಪ್ಪು ಬಿಳುಪಲ್ಲಿ ಇದೆ. ಅದಕ್ಕೆ ನಾಗಾಲ್ಯಾಂಡ್‌ಗೆ ಹೋಗೋ ಅಗತ್ಯ ಇಲ್ಲ. ನಿಮ್ಮ ಸಭೇಲಿ ಸೇನೇಲಿರೋರ ಮನೆ ಎಷ್ಟಿದೆ, ಪಟ್ಟಿ ಇದೆಯಾ? ಯಾರ ಪೆನ್ಷನ್ ಪೇಪರ್ ಯಾವ ಆಫೀಸಲ್ಲಿ ಸಿಕ್ಕಾಕೊಂಡಿದೆ, ಯಾರ ಮನೇಲಿ ವಯಸ್ಸಾದ ತಾಯಿ ಒಬ್ರೇ ಇದಾರೆ? ಡಿಸೆಂಬರ್ 7ಕ್ಕೆ ಸಶಸ್ತ್ರ ಪಡೆಗಳ ಧ್ವಜ ದಿನ ಅಂತ 1949ರಿಂದ ನಡ್ಕೊಂಡು ಬಂದಿದೆ, ಅವತ್ತು ಕೂಡಿದ ದುಡ್ಡು ಯುದ್ಧದಲ್ಲಿ ಸತ್ತೋರ ಕುಟುಂಬ, ಅಂಗವಿಕಲರಾದ ಸೈನಿಕರು, ಮಾಜಿ ಸೈನಿಕರ ಕಲ್ಯಾಣಕ್ಕೆ ಹೋಗತ್ತೆ. ಆ ಚಿಕ್ಕ ಬಾವುಟದ ಸ್ಟಿಕರ್‌ನ ಆಫೀಸಲ್ಲಿ ತಗೊಂಡು ಅಂಗಿಗೆ ಅಂಟಿಸ್ಕೊಂಡಿದ್ದು ಬಿಟ್ರೆ ನಾನು ಏನೂ ಯೋಚ್ನೆ ಮಾಡಿರ್ಲಿಲ್ಲ. ಡಿಸೆಂಬರ್ ಅಂದ್ರೆ ಕ್ರಿಸ್ಮಸ್ ಕಾಣಿಕೆ ಲೆಕ್ಕ ಶುರುವಾಗಿರತ್ತೆ, ಸ್ಟೇಜ್ ಲೈಟಿಂಗ್‌ಗೆ ಇಡೋ ದುಡ್ಡಲ್ಲಿ ಒಂದು ಭಾಗ ಜಿಲ್ಲಾ ಸೈನಿಕ ಕಲ್ಯಾಣ ಕಚೇರಿ ಕಡೆ ತಿರುಗಿಸಿದ್ರೆ ಬಾಲಯೇಸು ಬೇಜಾರು ಮಾಡ್ಕೊಳಲ್ಲ. ನಮ್ಮ ಕಮಿಟೀಲಿ ಇದನ್ನ ಎತ್ತಿದೀನಿ, ಇನ್ನೂ "ನೋಡೋಣ" ಅನ್ನೋ ಹಂತದಲ್ಲಿದೆ.

ಬೇರೆ ವಿಸಿಟರ್‌ಗಳ ಬಗ್ಗೆ ಒಂದು ಮಾತು, ಇದಕ್ಕೆ ಸಂಸ್ಥೆ ಹೊಣೆ ಅಲ್ಲ. ಸಮಾಧಿ ಸಾಲಿನ ಮಧ್ಯೆ ಹಾಡು ಹಾಕ್ಕೊಂಡು ರೀಲ್ಸ್ ಮಾಡೋರು, ಕಲ್ಲಿನ ಮೇಲೆ ಬ್ಯಾಗ್ ಇಡೋರು ಇದ್ರು. ಊರಿನ ಹುಡುಗ ಹುಡುಗೀರು ಹುಲ್ಲಿನ ಮೇಲೆ ಸುಮ್ನೆ ಕೂತು ಮಾತಾಡ್ಕೊಂಡಿದ್ರೆ ನಂಗೆ ತೊಂದ್ರೆ ಇಲ್ಲ, ನಾಳೆ ಅಂತ ಕೊಟ್ಟಿದ್ದು ಅವ್ರಿಗೇ ತಾನೆ.

ಇನ್ನು ಮನೇಲೇ ಕೂತು ಉಪಯೋಗಿಸ್ಬಹುದಾದ ಸರ್ವಿಸ್, ಇವ್ರ ವೆಬ್‌ಸೈಟ್‌ನಲ್ಲಿ ಸತ್ತೋರ ಹೆಸರು ಹುಡುಕೋ ವ್ಯವಸ್ಥೆ. ಫ್ರೀ. ಹೆಸರು, ಸರ್ವಿಸ್ ನಂಬರ್, ರೆಜಿಮೆಂಟ್, ದೇಶ, ಸಿಮೆಟ್ರಿ ಯಾವುದ್ರಿಂದ ಬೇಕಾದ್ರೂ ಹುಡುಕ್ಬಹುದು, ಕೆಲವ್ರ ಹೆಸರಿನ ಜೊತೆ ಅಪ್ಪನ ಹೆಸರು, ಹೆಂಡ್ತಿ ಹೆಸರು, ಊರಿನ ಹೆಸರೂ ಇರತ್ತೆ. ಆ ಕಾಲದ ಗುಮಾಸ್ತರು ನಮ್ಮ ಹೆಸರುಗಳನ್ನ ಕಿವಿಗೆ ಕೇಳಿಸ್ದಂಗೆ ಇಂಗ್ಲಿಷ್‌ನಲ್ಲಿ ಬರ್ದಿರ್ತಾರೆ, ಹಾಗಾಗಿ ಒಂದು ಸ್ಪೆಲಿಂಗ್‌ಗೆ ಸಿಗ್ಲಿಲ್ಲ ಅಂತ ಬಿಡ್ಬೇಡಿ, ಬೇರೆ ಬೇರೆ ಥರ ಹಾಕಿ. 1918ರ ಸೆಪ್ಟೆಂಬರ್ 23ಕ್ಕೆ ಈಗಿನ ಇಸ್ರೇಲಿನ ಹೈಫಾದಲ್ಲಿ ಕುದುರೆ ಮೇಲೆ ನುಗ್ಗಿದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ನಾವು ಭಾಷಣದಲ್ಲಿ ಕೇಳಿರ್ತೀವಿ, ಅವ್ರ ರೆಜಿಮೆಂಟ್ ಹೆಸರು ಹಾಕಿ ಒಂದು ಸಂಜೆ ಹುಡುಕಿ ನೋಡಿ. ಸಂಡೇ ಸ್ಕೂಲ್ ಮಕ್ಕಳಿಗೆ ಒಬ್ಬೊಬ್ಬರಿಗೆ ಒಂದು ಹೆಸರು ಕೊಟ್ಟು, ಅವ್ರ ಊರು ಯಾವ್ದು, ಎಲ್ಲಿ ಸತ್ರು ಅಂತ ಹುಡುಕಿಸಿ, ಆ ಹೆಸರು ಹೇಳಿ ಪ್ರಾರ್ಥನೆ ಮಾಡ್ಸಿದ್ರೆ, "ಸೈನಿಕರೆಲ್ಲರಿಗೂ" ಅನ್ನೋ ಸಗಟು ಪ್ರಾರ್ಥನೆಗಿಂತ ವಾಸಿ.

ಕೊಹಿಮಾವರೆಗೆ ಆಗಲ್ಲ ಅನ್ನೋರಿಗೆ ಇದೇ ಸಂಸ್ಥೆಯ ಸಿಮೆಟ್ರಿ ಪುಣೆಯ ಖಡ್ಕಿಯಲ್ಲಿದೆ, ಚೆನ್ನೈನ ನಂದಂಬಾಕ್ಕಂನಲ್ಲೂ ಇದೆ, ಎರಡೂ ನಮಗೆ ಒಂದು ರಾತ್ರಿ ರೈಲಿನ ದೂರ. ಕೊಹಿಮಾಗೇ ಹೋಗೋದಾದ್ರೆ ಮಳೆಗಾಲ ತಪ್ಪಿಸಿ, ರಸ್ತೆ ಕುಸಿಯತ್ತೆ. ಮಂಡಿ ನೋವಿರೋರು ಮೇಲಿನ ಹಂತಕ್ಕೆ ನಿಧಾನ ಹತ್ತಿ, ಮೆಟ್ಟಿಲು ಜಾಸ್ತಿ. ನಾಗಾಲ್ಯಾಂಡಲ್ಲಿ ಹೆಚ್ಚಿನವ್ರು ಕ್ರೈಸ್ತರು, ಭಾನುವಾರ ಬೆಳಿಗ್ಗೆ ಊರಿಗೆ ಊರೇ ಚರ್ಚಲ್ಲಿರತ್ತೆ, ಅಂಗಡಿ ಗಾಡಿ ಸಿಗೋದು ಕಷ್ಟ, ಬೇರೆ ದಿನ ಇಟ್ಕೊಳಿ ಅಥವಾ ಅವ್ರ ಜೊತೆ ಆರಾಧನೆಗೆ ಕೂತು ಆಮೇಲೆ ನಡ್ಕೊಂಡು ಹೋಗಿ.